ಹೊಗೆ ಮೇಲಕ್ಕೇ ಯಾಕೆ ಹೋಗ್ಬೇಕು?

ಕಳೆದ ಜನವರಿಯ ಒಂದು ಮಧ್ಯಾಹ್ನ. ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್ ಮುಗಿಸಿ ಮೆಸ್ಸಿನಲ್ಲಿ ತಟ್ಟೆ ಮುಂದೆ ಇಟ್ಕೊಂಡು ಕೂತಿದ್ವಿ. ಸಂಘದ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಕತ್ತಲು, ರಸ್ತೆ ತುಂಬ ಹಿಮ, ದೀಪ ಮಿನುಗಿಸುತ್ತಾ ನಿಂತ ಫೈರ್ ಇಂಜಿನ್. ಕೆಳಗೆ ಒಂದೇ ಸಾಲು: "ಎಲ್ಲರೂ ಹೊರಗಿದ್ದೀವಿ, ಆರಾಮಾಗಿದ್ದೀವಿ. ಯಾರೂ ಅಮ್ಮಂಗೆ ಹೇಳ್ಬೇಡಿ."

ಕಳಿಸಿದ್ದು ನಮ್ಮ ಸೀನಿಯರ್ ಅಕ್ಕ. ಎರಡು ವರ್ಷದ ಹಿಂದೆ ಈ ಪತ್ರಿಕೆಯ ಕಾಗುಣಿತ ತಿದ್ದುತ್ತಿದ್ದವರು ಅವರೇ. ಈಗ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಎಂಬ ಊರಿನಲ್ಲಿ ಎಂ.ಎಸ್. ಮಾಡ್ತಿದ್ದಾರೆ. ನಮಗೆ ಮಧ್ಯಾಹ್ನ ಒಂದೂವರೆ ಅಂದ್ರೆ ಅಲ್ಲಿ ಬೆಳಗಿನ ಜಾವ ಮೂರು. ಹೊರಗೆ ಮೈನಸ್ 12 ಡಿಗ್ರಿ. ಅಕ್ಕ ಮತ್ತು ಅವರ ಮೂವರು ರೂಮ್‌ಮೇಟ್‌ಗಳು ನೈಟ್ ಡ್ರೆಸ್ ಮೇಲೆ ಜಾಕೆಟ್ ಹಾಕ್ಕೊಂಡು ಪಕ್ಕದ ಮನೆಯವರ ಕಾರಿನಲ್ಲಿ ಕೂತಿದ್ದರು.

ಬೆಂಕಿ ಬಿದ್ದಿರಲಿಲ್ಲ. ಹೊಗೆಯೂ ಕಾಣಿಸಿರಲಿಲ್ಲ. ಮನೆಯೊಳಗೆ ತುಂಬಿಕೊಂಡಿದ್ದು ಕಾರ್ಬನ್ ಮೊನಾಕ್ಸೈಡ್. ಕಾರಣ ಏನು ಅಂತ ಮಾರನೇ ದಿನ ಕೇಳಿದ್ರೆ ಅಕ್ಕ ಹೇಳಿದ್ದು, "ಚಿಮಣಿ ಕಣ್ರೋ."

ನಿಜ ಹೇಳ್ತೀವಿ, ನಮಗೆ ಅರ್ಥ ಆಗಲಿಲ್ಲ. ನಮಗೆ ಗೊತ್ತಿದ್ದ ಚಿಮಣಿಗಳು ಮೂರು. ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಮೇಲೆ ಗುಂಯ್ ಅನ್ನೋದು ಒಂದು. ಮಂಡ್ಯದ ಕಡೆ ಹೋಗುವಾಗ ಕಾಣೋ ಸಕ್ಕರೆ ಫ್ಯಾಕ್ಟರಿಯದ್ದು ಇನ್ನೊಂದು. ಮೂರನೆಯದು ಅಜ್ಜಿಯ ಬಾಯಲ್ಲಿ ಕೇಳಿದ್ದು: ಕರೆಂಟು ಹೋದಾಗ ಹಚ್ಚುತ್ತಿದ್ದ ಚಿಮಣಿ ಬುಡ್ಡಿ. ಚಿಮಣಿಯಿಂದ ಮಧ್ಯರಾತ್ರಿ ಮನೆ ಬಿಟ್ಟು ಓಡಬೇಕಾಗುತ್ತೆ ಅನ್ನೋದು ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ. ಅಂದರೆ, ಇತ್ತು. ಆ ಫಿಸಿಕ್ಸ್ ಪೂರ್ತಿ ಎರಡನೇ ವರ್ಷದ ಪುಸ್ತಕದಲ್ಲೇ ಇದೆ. ನಾವು ಅದನ್ನು ಮನೆಗೆ ಜೋಡಿಸಿ ನೋಡಿರಲಿಲ್ಲ, ಅಷ್ಟೆ.

ನಮ್ಮ ಕ್ಯಾಂಪಸ್ಸಿನಿಂದ ಪ್ರತಿ ವರ್ಷ ಎಷ್ಟು ಜನ ಚಳಿ ದೇಶಗಳಿಗೆ ಹಾರ್ತಾರೆ ನಿಮಗೇ ಗೊತ್ತು. ಬಾಡಿಗೆ ಎಷ್ಟು, ಬಸ್ ಸ್ಟಾಪ್ ಹತ್ತಿರ ಇದ್ಯಾ, ಇಂಡಿಯನ್ ಸ್ಟೋರ್ ಎಲ್ಲಿದೆ, ಇಷ್ಟು ಕೇಳ್ತಾರೆ. ಮನೆ ಎಷ್ಟು ಹಳೇದು, ಹೊಗೆ ಎಲ್ಲಿಂದ ಆಚೆ ಹೋಗುತ್ತೆ ಅಂತ ಯಾರೂ ಕೇಳಲ್ಲ. ಅದಕ್ಕೇ ಈ ಲೇಖನ. (ಟೆಕ್ನಿಕಲ್ ಪದಗಳಿಗೆ ಕನ್ನಡ ಹುಡುಕಿ ಸುಸ್ತಾಗಿ ಕೆಲವನ್ನು ಹಾಗೇ ಬಿಟ್ಟಿದ್ದೀವಿ. ನಮ್ಮದು ಇಂಗ್ಲಿಷ್ ಮೀಡಿಯಮ್ ಕನ್ನಡ, ಸ್ವಲ್ಪ ಹೊಟ್ಟೆಗೆ ಹಾಕ್ಕೊಳ್ಳಿ.)

ಕಂದೀಲಿನ ಗಾಜು

ಲಾಟೀನಿನ ಗಾಜಿಗೂ ಚಿಮಣಿ ಅಂತಾನೇ ಹೆಸರು. ಗಾಜು ತೆಗೆದ್ರೆ ಬತ್ತಿ ಕಪ್ಪು ಹೊಗೆ ಉಗುಳುತ್ತೆ, ಗಾಜು ಇಟ್ಟ ತಕ್ಷಣ ಉರಿ ನೆಟ್ಟಗಾಗುತ್ತೆ. ಗಾಜು ಗಾಳಿಗೆ ಅಡ್ಡ ಇರೋದು ಮಾತ್ರ ಇದಕ್ಕೆ ಕಾರಣ ಅಲ್ಲ. ಒಳಗಿನ ಗಾಳಿ ಬಿಸಿಯಾಗಿ ಹಗುರಾಗುತ್ತೆ. ಹೊರಗಿನ ತಣ್ಣನೆ ಗಾಳಿ ಭಾರ. ಆ ಭಾರದ ಗಾಳಿ ಕೆಳಗಿನ ತೂತುಗಳಿಂದ ಒಳಗೆ ನುಗ್ಗಿ ಬಿಸಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತೆ. ಹಾಗಾಗಿ ಬತ್ತಿಗೆ ಸದಾ ಹೊಸ ಆಮ್ಲಜನಕ ಸಿಗ್ತಾ ಇರುತ್ತೆ. ಗಮನಿಸಿ: ಹೊಗೆ ತಾನಾಗೇ ಮೇಲೆ ಹೋಗ್ತಿಲ್ಲ, ಅದನ್ನು ತಳ್ತಾ ಇರೋದು ಹೊರಗಿನ ತಣ್ಣನೆ ಗಾಳಿ. ಚಿಮಣಿಗೆ ಮೋಟಾರ್ ಇಲ್ಲ. ಒಳಗೂ ಹೊರಗೂ ಇರೋ ತೂಕದ ವ್ಯತ್ಯಾಸವೇ ಅದರ ಮೋಟಾರು. ಇದನ್ನು ಡ್ರಾಫ್ಟ್ ಅಂತಾರೆ.

ಎಷ್ಟು ಶಕ್ತಿ ಇದೆ ಆ ಮೋಟಾರಿಗೆ? ಅಕ್ಕನ ಮನೆಯ ಲೆಕ್ಕವನ್ನೇ ಹಾಕಿದ್ವಿ. ಚಿಮಣಿ 12 ಮೀಟರ್ ಎತ್ತರ. ಮೈನಸ್ 12 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.35 ಕಿಲೋ. ಚಿಮಣಿ ಒಳಗೆ ಸರಾಸರಿ 100 ಡಿಗ್ರಿ ಇದ್ದರೆ ಸುಮಾರು 0.95 ಕಿಲೋ. ವ್ಯತ್ಯಾಸವನ್ನು ಜಿ ಮತ್ತು ಎತ್ತರದಿಂದ ಗುಣಿಸಿದ್ರೆ ಬರೋದು ಬರೀ 48 ಪಾಸ್ಕಲ್. ಅಂದ್ರೆ ಮ್ಯಾನೋಮೀಟರಿನಲ್ಲಿ 5 ಮಿಲಿಮೀಟರ್ ನೀರು! ಲ್ಯಾಬಿನಲ್ಲಿ ನಾವು ರೀಡಿಂಗ್ ತಗೊಳ್ಳುವಾಗ ಮಾಡೋ ತಪ್ಪೇ ಅದಕ್ಕಿಂತ ಜಾಸ್ತಿ ಇರುತ್ತೆ. ಮೂರಂತಸ್ತಿನ ಮನೆಯವರ ಜೀವ ನಿಂತಿರೋದು ಈ 5 ಮಿಲಿಮೀಟರ್ ಮೇಲೆ. ಚಿಮಣಿ ತಣ್ಣಗಾಗಿ ಒಳಗಿನ ಗಾಳಿ ಸೊನ್ನೆ ಡಿಗ್ರಿಗೆ ಇಳಿದಿದ್ದರೆ? ಅದೇ ಲೆಕ್ಕ ಕೊಡೋದು 7 ಪಾಸ್ಕಲ್. ಈ 7ನ್ನು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇಲ್ಲೊಂದು ಅಡ್ಡಮಾತು. ಮೆಕ್ಯಾನಿಕಲ್‌ನವರಿಗೆ ಕೌಂಟ್ ರಮ್‌ಫೋರ್ಡ್ ಹೆಸರು ಗೊತ್ತಿರಬೇಕು. ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವಾಗ ಮುಗಿಯದಷ್ಟು ಶಾಖ ಹುಟ್ಟೋದನ್ನು ನೋಡಿ, ಶಾಖ ಅನ್ನೋದು ಒಂದು ದ್ರವ ಅಲ್ಲ, ಅದು ಚಲನೆಗೆ ಸಂಬಂಧಿಸಿದ್ದು ಅಂತ 1798ರಲ್ಲಿ ಬರೆದವರು. ಅದೇ ಮನುಷ್ಯ ಅದಕ್ಕೆ ಎರಡು ವರ್ಷ ಮುಂಚೆ, 1796ರಲ್ಲಿ, ಹೊಗೆ ಕಾರುವ ಅಗ್ಗಿಷ್ಟಿಕೆಗಳನ್ನು ಸರಿ ಮಾಡೋದು ಹೇಗೆ ಅಂತ ಒಂದು ದೊಡ್ಡ ಪ್ರಬಂಧ ಬರೆದಿದ್ದರು. ಆಗಿನ ಲಂಡನ್ನಿನ ಅಗ್ಗಿಷ್ಟಿಕೆಗಳು ಗುಹೆಯ ಥರ ದೊಡ್ಡವು, ಶಾಖವೆಲ್ಲ ಮೇಲಕ್ಕೆ, ಹೊಗೆಯೆಲ್ಲ ಕೋಣೆಗೆ. ಅವರು ಒಲೆಯ ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆ ಮಾಡಿ, ಗಂಟಲನ್ನು ಸುಮಾರು ನಾಲ್ಕು ಇಂಚಿಗೆ ಕಿರಿದು ಮಾಡಿದರು. ದಾರಿ ಕಿರಿದಾದ್ರೆ ಹೊಗೆ ಜೋರಾಗಿ ಹೋಗುತ್ತೆ. ಅಗಲವಾದ್ರೆ ಒಳ್ಳೇದು ಅನ್ನೋ ನಮ್ಮ ಸಾಮಾನ್ಯ ಬುದ್ಧಿಗೆ ಇದು ಉಲ್ಟಾ. ರಮ್‌ಫೋರ್ಡ್ ಹುಟ್ಟಿದ್ದು ಇದೇ ಮ್ಯಾಸಚೂಸೆಟ್ಸ್‌ನಲ್ಲಿ, 1753ರಲ್ಲಿ. ಅವರ ಮಾತನ್ನು ಅಕ್ಕನ ಮನೆ ಓನರ್ ಕೇಳಿದ್ದಿದ್ರೆ ನಮಗೆ ಬರೆಯೋಕೆ ವಿಷಯ ಇರ್ತಿರಲಿಲ್ಲ.

ಅಜ್ಜನ ಕೋಟು ಮೊಮ್ಮಗನಿಗೆ

ವುಸ್ಟರಿನಲ್ಲಿ 'ತ್ರೀ ಡೆಕ್ಕರ್' ಅಂತ ಒಂದು ಜಾತಿಯ ಮನೆಗಳಿವೆ. ಮೂರಂತಸ್ತು, ಪೂರ್ತಿ ಮರದ ಕಟ್ಟು, ಒಂದೊಂದು ಅಂತಸ್ತಿಗೆ ಒಂದು ಸಂಸಾರ. ಹತ್ತೊಂಬತ್ತನೇ ಶತಮಾನದ ಕೊನೆ, ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಫ್ಯಾಕ್ಟರಿ ಕೆಲಸಗಾರರಿಗೆಂದು ಕಟ್ಟಿದವು. ಈಗ ಅವುಗಳಲ್ಲಿ ವಿದ್ಯಾರ್ಥಿಗಳೂ ಬಾಡಿಗೆಗೆ ಇದ್ದಾರೆ.

ಇಂಥ ಮನೆಯ ಇಟ್ಟಿಗೆ ಚಿಮಣಿ ಹುಟ್ಟಿದ್ದು ಕಲ್ಲಿದ್ದಲಿನ ಒಲೆಗೆ. ಆಮೇಲೆ ಎಣ್ಣೆಯ ಬಾಯ್ಲರ್ ಬಂತು, ಆಮೇಲೆ ಗ್ಯಾಸ್ ಬಂತು. ಇಂಧನ ಬದಲಾಯ್ತು, ಯಂತ್ರ ಬದಲಾಯ್ತು, ಚಿಮಣಿ ಮಾತ್ರ ಅದೇ. ಅಜ್ಜನ ಕೋಟನ್ನು ಮೊಮ್ಮಗನಿಗೆ ತೊಡಿಸಿದ ಹಾಗೆ. ಅಕ್ಕನ ಮನೆಯ ಬೇಸ್‌ಮೆಂಟಿನಲ್ಲಿ ಮೊದಲು ಮೂರು ಮನೆಗೆ ಮೂರು ಗ್ಯಾಸ್ ಬಾಯ್ಲರ್ ಇದ್ದವಂತೆ, ಮೂರರ ಹೊಗೆಯೂ ಒಂದೇ ಚಿಮಣಿಗೆ. ಒಂದು ವರ್ಷದ ಹಿಂದೆ ಓನರ್ ಅವನ್ನು ತೆಗೆಸಿ ಕಂಡೆನ್ಸಿಂಗ್ ಬಾಯ್ಲರ್ ಹಾಕಿಸಿದರು. ಇವುಗಳ ದಕ್ಷತೆ 90 ಪರ್ಸೆಂಟಿಗಿಂತ ಜಾಸ್ತಿ. ಹೊಗೆಯಲ್ಲಿರೋ ಶಾಖವನ್ನೆಲ್ಲ ಹಿಂಡಿಕೊಳ್ಳೋದ್ರಿಂದ ಆಚೆ ಬರೋ ಗಾಳಿ ಉಗುರುಬೆಚ್ಚಗಿರುತ್ತೆ, ಪ್ಲಾಸ್ಟಿಕ್ ಪೈಪಿನಲ್ಲಿ ಪಕ್ಕದ ಗೋಡೆಯಿಂದಲೇ ಹೊರಗೆ ಬಿಡಬಹುದು. ಒಳ್ಳೆಯ ಕೆಲಸ. ಆದರೆ ಚಿಮಣಿಗೆ ಜೋಡಿಸಿದ್ದ ನಾಲ್ಕನೆಯದೊಂದು ಹಾಗೇ ಉಳೀತು, ಸ್ನಾನದ ನೀರಿನ ಹಳೇ ಟ್ಯಾಂಕ್ ಹೀಟರ್.

ಈ ವೃತ್ತಿಯವರು ಇದಕ್ಕೆ ಅನಾಥ ವಾಟರ್ ಹೀಟರ್ ಅಂತಾನೇ ಕರೀತಾರೆ. ಯಾಕೆ ಅಂದ್ರೆ ಅದರ ದೊಡ್ಡಣ್ಣಂದಿರು ಇರೋವರೆಗೆ ಚಿಮಣಿ ಬೆಚ್ಚಗಿರುತ್ತಿತ್ತು. ಈಗ ಇದೊಂದು ಪುಟ್ಟ ಹೀಟರ್ ಇಡೀ ಚಿಮಣಿಯನ್ನು ಬಿಸಿ ಮಾಡಬೇಕು. ಹೀಟರಿನ ಹೊಗೆ ಕೊಳವೆ 4 ಇಂಚಿನ ವ್ಯಾಸ, ಚಿಮಣಿಯ ಒಳಗು ಸುಮಾರು 8 ಇಂಚು 12 ಇಂಚು. ವಿಸ್ತೀರ್ಣ ಏಳು ಪಟ್ಟಿಗಿಂತ ಜಾಸ್ತಿ. ಕಂಟಿನ್ಯುಯಿಟಿ ಈಕ್ವೇಶನ್ ಪ್ರಕಾರ ವೇಗ ಅಷ್ಟೇ ಪಟ್ಟು ಕಡಿಮೆ. ಹೊಗೆ ಓಡೋ ಬದಲು ತೆವಳುತ್ತೆ, ತೆವಳ್ತಾ ತೆವಳ್ತಾ ತಣ್ಣಗಾಗುತ್ತೆ. ಅದರ ಮೇಲೆ ಆ ಚಿಮಣಿ ಮನೆಯ ಹಿಂಬದಿ ಗೋಡೆಗೆ ಹೊರಗಿನಿಂದ ಅಂಟಿಕೊಂಡಿದ್ದು, ಮೂರು ಕಡೆ ಹಿಮಗಾಳಿ.

ತಣ್ಣಗಾದ್ರೆ ಏನಾಯ್ತು ಈಗ? ಗ್ಯಾಸ್ ಉರಿದಾಗ ನೀರು ಹುಟ್ಟುತ್ತೆ, ಪಿಯುಸಿ ಕೆಮಿಸ್ಟ್ರಿ. ಒಂದು ಕಿಲೋ ಮೀಥೇನ್ ಉರಿದರೆ ಎರಡೂಕಾಲು ಕಿಲೋ ನೀರು, ಆವಿಯ ರೂಪದಲ್ಲಿ. ಹೊಗೆ ಸುಮಾರು 50 ಡಿಗ್ರಿಗಿಂತ ಕೆಳಗಿಳಿದ್ರೆ ಆ ಆವಿ ಇಟ್ಟಿಗೆ ಮೇಲೆ ಬೆವರಿನಂತೆ ಇಳಿಯುತ್ತೆ. ಅದು ಶುದ್ಧ ನೀರಲ್ಲ, ಸ್ವಲ್ಪ ಆಮ್ಲ. ಹಳೇ ಚಿಮಣಿಯ ಸುಣ್ಣದ ಗಾರೆ ಆಮ್ಲಕ್ಕೆ ತಡೆಯಲ್ಲ. ದಿನಾ ರಾತ್ರಿ ಆ ಒದ್ದೆ ಮಂಜುಗಡ್ಡೆಯಾಗಿ, ಹಗಲು ಕರಗಿ, ಗಾರೆ ಮರಳಾಗಿ ಉದುರೋಕೆ ಶುರುವಾಗುತ್ತೆ. ಈ ಚಿಮಣಿಗೆ ಒಳಗೆ ಲೈನರ್ ಅನ್ನೋದೇ ಇರಲಿಲ್ಲ, ಬರೀ ಇಟ್ಟಿಗೆ. ಉದುರಿದ ಗಾರೆ, ಇಟ್ಟಿಗೆ ಚೂರು, ಹಳೇ ಕಲ್ಲಿದ್ದಲಿನ ಕಾಲದ ಮಸಿ, ಎಲ್ಲ ಬುಡಕ್ಕೆ ಬಿದ್ದು ರಾಶಿಯಾಯ್ತು. ಚಿಮಣಿಯ ಬುಡದಲ್ಲಿ ಅದನ್ನು ತೆಗೆಯೋಕೆ ಅಂತಲೇ ಒಂದು ಸಣ್ಣ ಕಬ್ಬಿಣದ ಬಾಗಿಲು ಇರುತ್ತೆ. ಅದರ ಮುಂದೆ ಯಾರದೋ ಹಳೇ ಸೋಫಾ ಇತ್ತಂತೆ. ರಾಶಿ ಬೆಳೆದು ಬೆಳೆದು ಹೀಟರಿನ ಕೊಳವೆ ಒಳಸೇರುವ ತೂತಿನ ಮುಕ್ಕಾಲು ಪಾಲು ಮುಚ್ಚಿತು.

ಆ ರಾತ್ರಿ

ಈಗ 7 ಪಾಸ್ಕಲ್‌ಗೆ ವಾಪಸ್ ಬರೋಣ. ಮನೆಯನ್ನೇ ಒಂದು ಚಿಮಣಿ ಅಂದ್ಕೊಳ್ಳಿ. ಒಳಗೆ 20 ಡಿಗ್ರಿ, ಹೊರಗೆ ಮೈನಸ್ 12, ಎತ್ತರ ಸುಮಾರು 10 ಮೀಟರ್. ಅದೇ ಸೂತ್ರ ಹಾಕಿದ್ರೆ ಬುಡದಿಂದ ತುದಿಗೆ 14 ಪಾಸ್ಕಲ್. ಬಿಸಿ ಗಾಳಿ ಮೇಲಿನ ಸಂದುಗಳಿಂದ ಆಚೆ ಹೋಗುತ್ತೆ, ಬೇಸ್‌ಮೆಂಟ್ ಹೊರಗಿನಿಂದ ಗಾಳಿ ಎಳೆಯುತ್ತೆ. ಅರ್ಧಕ್ಕರ್ಧ ಹಂಚಿದ್ರೆ ಬೇಸ್‌ಮೆಂಟಿನಲ್ಲಿ ಸುಮಾರು 7 ಪಾಸ್ಕಲ್ ಕೊರತೆ. ತಣ್ಣಗಿರೋ ಚಿಮಣಿಯ ಶಕ್ತಿಯೂ 7. ಕುಸ್ತಿ ಸಮ ಸಮ! ಹೀಟರ್ ಹೊತ್ತಿಕೊಂಡ ಮೊದಲ ನಿಮಿಷಗಳಲ್ಲಿ ಯಾರು ಗೆಲ್ತಾರೆ ಹೇಳೋಕಾಗಲ್ಲ.

ಶನಿವಾರ ರಾತ್ರಿ, ಎಲ್ಲರ ಬಟ್ಟೆ ಒಗೆಯೋ ದಿನ. ಬೇಸ್‌ಮೆಂಟಿನಲ್ಲಿ ಬಟ್ಟೆ ಒಣಗಿಸೋ ಡ್ರೈಯರ್ ಓಡ್ತಿತ್ತು. ಅದು ನಿಮಿಷಕ್ಕೆ ನಾಲ್ಕು ಘನ ಮೀಟರ್‌ನಷ್ಟು ಗಾಳಿಯನ್ನು ಮನೆಯಿಂದ ಆಚೆ ಎಸೆಯುತ್ತೆ. ಮೇಲೆ ಬಾತ್‌ರೂಮ್ ಫ್ಯಾನ್. ಚಳಿಗೆ ಕಿಟಕಿ ಸಂದಿಗೆಲ್ಲ ಪ್ಲಾಸ್ಟಿಕ್ ಅಂಟಿಸಿದ್ದರು ನಮ್ಮಕ್ಕ, ಬಿಲ್ ಉಳಿಸೋಕೆ. ಆಚೆ ಹೋದ ಗಾಳಿಗೆ ಬದಲಿ ಗಾಳಿ ಎಲ್ಲಿಂದಾದರೂ ಬರಲೇಬೇಕು. ಬಂತು, ಚಿಮಣಿಯಿಂದ ಕೆಳಕ್ಕೆ. ಹೊಗೆ ಮೇಲೆ ಹೋಗೋ ಬದಲು ಹೀಟರ್ ಸುತ್ತಲೇ ಚೆಲ್ಲಿಕೊಳ್ತು. ಬರ್ನರ್ ತಾನು ಬಿಟ್ಟ ಹೊಗೆಯನ್ನೇ ತಾನು ಉಸಿರಾಡೋಕೆ ಶುರು ಮಾಡ್ತು. ಆಮ್ಲಜನಕ ಕಡಿಮೆ ಆದಾಗ ಇಂಗಾಲ ಪೂರ್ತಿ ಉರಿಯಲ್ಲ, ಡೈಆಕ್ಸೈಡ್ ಬದಲು ಮೊನಾಕ್ಸೈಡ್. ಒಂದು ಸಲ ಶುರುವಾದ್ರೆ ಅದು ಸುತ್ತಿ ಸುತ್ತಿ ಹೆಚ್ಚಾಗುತ್ತಾ ಹೋಗುತ್ತೆ.

ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಸಂಜೆಯಿಂದಲೇ ಇಬ್ಬರಿಗೆ ತಲೆನೋವು, ಒಬ್ಬರಿಗೆ ವಾಕರಿಕೆ. ಮಿಡ್‌ಟರ್ಮ್ ಟೆನ್ಶನ್ ಅಂದ್ಕೊಂಡು ಡೋಲೋ ನುಂಗಿ ಮಲಗಿದರು. ಜ್ವರ ಇಲ್ಲದೆ ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು, ಹೊರಗೆ ಹೋದ್ರೆ ವಾಸಿ, ಇದು ಫ್ಲೂ ಅಲ್ಲ ಅನ್ನೋದಕ್ಕೆ ದೊಡ್ಡ ಸುಳಿವು. ಆದರೆ ಅರೆನಿದ್ದೆಯಲ್ಲಿ ಯಾರಿಗೆ ಹೊಳೆಯುತ್ತೆ?

ಹಾಲಿನಲ್ಲಿದ್ದ ಅಲಾರಂ ಕೂಗ್ತು. ಒಬ್ಬ ರೂಮ್‌ಮೇಟ್ ಎದ್ದು, ಬ್ಯಾಟರಿ ಮುಗಿದಿರಬೇಕು ಅಂತ ಅದನ್ನು ಕಿತ್ತು ಮೇಜಿನ ಮೇಲಿಟ್ಟು ಮತ್ತೆ ಮಲಗಿದಳು. ನಮಗೆ ಕೇಳಿ ಮೈ ಜುಮ್ ಅಂದ ಭಾಗ ಇದು. ಅಕ್ಕನಿಗೂ ಎಚ್ಚರ ಆಗಿತ್ತು. ಅವರು ಬಾಗಿಲ ಹಿಂದೆ ಅಂಟಿಸಿದ್ದ ಒಂದು ಕಾಗದವನ್ನು ದಿನಾ ಓದ್ತಿದ್ದರಂತೆ (ಪ್ರೂಫ್ ನೋಡಿದವರ ಚಟ, ಕಣ್ಣಿಗೆ ಬಿದ್ದಿದ್ದೆಲ್ಲ ಓದೋದು): ಒಂದು ನಿಮಿಷಕ್ಕೊಮ್ಮೆ ಒಂದೇ ಒಂದು ಕೀಂ ಅಂದ್ರೆ ಬ್ಯಾಟರಿ, ನಾಲ್ಕು ಸಲ ಕೂಗಿ, ನಿಲ್ಲಿಸಿ, ಮತ್ತೆ ನಾಲ್ಕು ಅಂದ್ರೆ ಕಾರ್ಬನ್ ಮೊನಾಕ್ಸೈಡ್. ಎದ್ದು ಬ್ಯಾಟರಿ ವಾಪಸ್ ಹಾಕಿದರು. ನಾಲ್ಕು. ಮತ್ತೆ ನಾಲ್ಕು. ಮೂವರನ್ನೂ ಎಬ್ಬಿಸಿ, ಮೇಲಿನ ಎರಡು ಮನೆಯ ಬಾಗಿಲು ಬಡಿದು, ಹೊರಗೆ ಬಂದು 911ಗೆ ಫೋನ್ ಮಾಡಿದರು.

ಅಲಾರಂ ಅಲ್ಲಿ ಇದ್ದಿದ್ದಾದರೂ ಯಾಕೆ ಅಂದ್ರೆ ಅದಕ್ಕೂ ಒಂದು ಕಥೆ ಇದೆ. 2005ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಪ್ಲಿಮತ್ ಊರಿನಲ್ಲಿ ಹಿಮಪಾತ ಆಗಿ, ಮನೆಯ ಗೋಡೆಯಲ್ಲಿದ್ದ ಹೊಗೆ ಕೊಳವೆಯ ಬಾಯಿಗೆ ಹಿಮ ಮುಚ್ಚಿಕೊಂಡು, ನಿಕೋಲ್ ಗರೋಫಾಲೋ ಎಂಬ ಏಳು ವರ್ಷದ ಹುಡುಗಿ ತೀರಿಕೊಂಡಳು. ಅವಳ ಹೆಸರಿನಲ್ಲಿ ಬಂದ 'ನಿಕೋಲ್ಸ್ ಲಾ' 2006ರಿಂದ ಆ ರಾಜ್ಯದ ಮನೆಗಳಲ್ಲಿ ಈ ಅಲಾರಂ ಕಡ್ಡಾಯ ಮಾಡ್ತು. ಹಾಗಾಗಿ ಗೋಡೆಯಿಂದ ಹೋಗೋ ಹೊಸ ಪೈಪು ಇದ್ರೆ ಸೇಫ್ ಅಂತಲೂ ಅಲ್ಲ. ಹಿಮ ಬಿದ್ದ ಬೆಳಿಗ್ಗೆ ಅದರ ಬಾಯಿ ಬಿಡಿಸಬೇಕು. ಇನ್ನೊಂದು: ಅಲಾರಂ ತಕ್ಷಣ ಕೂಗಲ್ಲ. ಅಲ್ಲಿನ ಮಾನದಂಡದ ಪ್ರಕಾರ ಗಾಳಿಯಲ್ಲಿ 70 ಪಿಪಿಎಂ ಇದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ ಕೂಗಬೇಕು, 400 ಇದ್ದರೆ 4ರಿಂದ 15 ನಿಮಿಷದೊಳಗೆ. ಕೂಗಿತು ಅಂದ್ರೆ ಆಗಲೇ ಸಾಕಷ್ಟು ಹೊತ್ತು ನೀವು ಅದನ್ನು ಕುಡಿದಿದ್ದೀರಿ ಅಂತ ಅರ್ಥ.

ಇಲ್ಲಣ, ಕ್ರಿಯೊಸೋಟು ಮತ್ತು ಹುಡುಗರು

ನಾಲ್ಕು ದಿನ ಆದ ಮೇಲೆ ಚಿಮಣಿ ಸ್ವೀಪ್ ಬಂದರು. ಒಂದು ಉದ್ದ ಕಡ್ಡಿಯ ತುದಿಗೆ ಕ್ಯಾಮೆರಾ ಕಟ್ಟಿ ಒಳಗೆ ಇಳಿಸಿದ ಹನ್ನೊಂದು ನಿಮಿಷದ ವಿಡಿಯೋವನ್ನು ಅಕ್ಕ ಕಳಿಸಿದರು. ಹಾಸ್ಟೆಲ್ ರೂಮಿನಲ್ಲಿ ಆರು ಜನ ಲ್ಯಾಪ್‌ಟಾಪ್ ಸುತ್ತ ಕೂತು ಎಂಡೋಸ್ಕೋಪಿ ನೋಡಿದ ಹಾಗೆ ನೋಡಿದ್ವಿ. ಇಟ್ಟಿಗೆಗಳ ಮಧ್ಯೆ ಗಾರೆ ಇರಬೇಕಾದ ಕಡೆ ಕಪ್ಪು ಸಂದು. ಮೂರನೇ ಮಹಡಿ ಮಟ್ಟದಲ್ಲಿ ಒಂದು ಇಟ್ಟಿಗೆಯೇ ಇಲ್ಲ. ಅದರ ಆಚೆ ಮರದ ತೊಲೆ ಕಾಣ್ತಿತ್ತು.

ಆ ಮನೆಯಲ್ಲಿ ಸೌದೆ ಒಲೆ ಇರಲಿಲ್ಲ, ಪುಣ್ಯ. ಸ್ವೀಪ್ ಹೇಳಿದರಂತೆ, ಇದರಲ್ಲಿ ಸೌದೆ ಹೊಗೆ ಹೋಗಿದ್ದಿದ್ರೆ ಕಥೆನೇ ಬೇರೆ ಅಂತ. ಆ ಪ್ರದೇಶದ ಹಳ್ಳಿಗಳ ಕಡೆ ಸೌದೆ ಒಲೆ ಇನ್ನೂ ಮಾಮೂಲು, ಚಿಮಣಿಯ ತೊಂದರೆಯೂ ಅಲ್ಲಿ ಬೇರೆ ಥರ.

ನಮ್ಮಲ್ಲಿ ಒಬ್ಬನದು ಸಾಗರದ ಕಡೆ ಊರು. ಅವನ ಅಜ್ಜಿಮನೆಯ ಒಲೆಯ ಮೇಲೆ ಮಾಡಿನಿಂದ ಇಲ್ಲಣ ಜೋತಾಡುತ್ತೆ. ಬಚ್ಚಲ ಒಲೆ ಮೇಲಿನದಂತೂ ಡಾಂಬರಿನ ಹಾಗೆ ಮಿರಿಮಿರಿ ಮಿಂಚುತ್ತೆ, ಯಾಕಂದ್ರೆ ಅಲ್ಲಿ ಹಸಿ ಅಡಿಕೆ ಹಾಳೆಯಿಂದ ಹಿಡಿದು ಎಲ್ಲಾ ಉರಿಸ್ತಾರೆ. ಆ ಮಿಂಚೋ ಪದಾರ್ಥದ ಹತ್ತಿರದ ನೆಂಟನೇ ಕ್ರಿಯೊಸೋಟ್. ಸೌದೆ ಪೂರ್ತಿ ಉರಿಯದಿದ್ದಾಗ ಹೊಗೆಯಲ್ಲಿ ಟಾರಿನಂಥ ಆವಿಗಳು ಉಳಿಯುತ್ತವೆ. ಚಿಮಣಿಯಲ್ಲಿ ಹೊಗೆ ಸುಮಾರು 120 ಡಿಗ್ರಿಗಿಂತ ತಣ್ಣಗಾದ್ರೆ ಅವು ಗೋಡೆಗೆ ಹತ್ತಿಕೊಳ್ಳುತ್ತವೆ. ಮೊದಲು ಪುಡಿ ಮಸಿ, ಬ್ರಷ್ಷಿಗೆ ಬರುತ್ತೆ. ಆಮೇಲೆ ಹೊಳೆಯೋ ಹೆಕ್ಕಳಿಕೆ. ಕೊನೆಗೆ ಗಾಜಿನಂಥ ಗಟ್ಟಿ ಪದರ, ಅದಕ್ಕೆ ಬ್ರಷ್ ಏನೂ ಮಾಡಲಾರದು. ಪದರ 3 ಮಿಲಿಮೀಟರ್ ಆಯ್ತು ಅಂದ್ರೆ ಗುಡಿಸಲೇಬೇಕು ಅನ್ನೋದು ಅಲ್ಲಿನ ಲೆಕ್ಕ. ಗುಡಿಸದಿದ್ರೆ ಒಂದು ದಿನ ಜೋರು ಉರಿಯ ಕಿಡಿ ಹಾರಿ ಚಿಮಣಿಯೇ ಹೊತ್ತಿಕೊಳ್ಳುತ್ತೆ. ಒಳಗೆ 1100 ಡಿಗ್ರಿವರೆಗೂ ಹೋಗಬಹುದು, ರೈಲು ಬಂದ ಹಾಗೆ ಸದ್ದು. ಆಗ ಒಲೆಯ ಗಾಳಿ ಬಾಗಿಲು ಮುಚ್ಚಿ, ಮನೆ ಬಿಟ್ಟು ಹೊರಗೆ ಓಡಿ ಫೈರ್‌ನವರನ್ನು ಕರೀಬೇಕು. ಚಿಮಣಿಗೆ ನೀರು ಸುರೀಬಾರದು, ಕೆಂಡದಂಥ ಇಟ್ಟಿಗೆ ಸಿಡಿಯುತ್ತೆ. ಇನ್ನೂ ಕೆಟ್ಟದ್ದು, ಸದ್ದೇ ಇಲ್ಲದೆ ನಿಧಾನಕ್ಕೆ ಉರಿದು ಆರಿಹೋಗೋ ಬೆಂಕಿಗಳು. ಮನೆಯವರಿಗೆ ಗೊತ್ತೇ ಆಗಲ್ಲ, ಲೈನರ್ ಬಿರುಕು ಬಿಟ್ಟಿರುತ್ತೆ, ಮುಂದಿನ ಸಲ ಬೆಂಕಿ ನೇರ ಮರದ ತೊಲೆಗೆ.

ತಡೆಯೋದು ಹೇಗೆ ಅಂದ್ರೆ ಅರ್ಧ ಉತ್ತರ ಸೌದೆಯಲ್ಲಿದೆ. ಹಸಿ ಸೌದೆಯ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರು. 10 ಕಿಲೋ ಹಾಕಿದ್ರೆ 5 ಕಿಲೋ ನೀರು ಆವಿ ಮಾಡೋಕೇ 11 ಮೆಗಾಜೂಲ್ ಬೇಕು. ಶಾಖ ನಷ್ಟ ಆಗೋದು ಒಂದು ಕಡೆ, ಉರಿ ತಣ್ಣಗಾಗಿ ಟಾರ್ ಉರಿಯದೆ ಉಳಿಯೋದು ನಿಜವಾದ ತೊಂದರೆ. ಸೀಳಿ, ಮೇಲೆ ಮಾತ್ರ ಮುಚ್ಚಿ, ಪಕ್ಕಕ್ಕೆ ಗಾಳಿ ಆಡೋ ಹಾಗೆ ಪೇರಿಸಿ, ಕಡಿಮೆ ಅಂದ್ರೂ ಆರು ತಿಂಗಳು, ಜಾತಿ ನೋಡಿ ವರ್ಷ ಮೇಲೂ ಒಣಗಿಸಿ ತೇವಾಂಶ 20 ಪರ್ಸೆಂಟಿಗಿಂತ ಕೆಳಗೆ ತರಬೇಕು. ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಸೌದೆ ಕೊಟ್ಟಿಗೆ ತುಂಬಿಸ್ತಾರಲ್ಲ, ಅದೇ. ಇನ್ನರ್ಧ ಉತ್ತರ ಉರಿಸೋ ರೀತಿಯಲ್ಲಿದೆ. ರಾತ್ರಿಯಿಡೀ ಬರಲಿ ಅಂತ ಗಾಳಿ ಬಾಗಿಲು ಮುಚ್ಚಿ ಬೂದಿಯೊಳಗೆ ಕೆಂಡ ಹೊಗೆಯಾಡಿಸಿದ್ರೆ ಕ್ರಿಯೊಸೋಟಿಗೆ ಹಬ್ಬ.

ಗುಡಿಸೋ ಕೆಲಸದ ಹಿಂದೆ ಒಂದು ಕೆಟ್ಟ ಇತಿಹಾಸ ಇದೆ, ಅದನ್ನು ಹೇಳದೆ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಬಂದ ಮೇಲೆ ಚಿಮಣಿಗಳು ಕಿರಿದಾದವು, 9 ಇಂಚು 14 ಇಂಚು ಮಾಮೂಲು ಅಳತೆ. ಅದರೊಳಗೆ ದೊಡ್ಡವರು ಹಿಡಿಸಲ್ಲ, ಆದ್ದರಿಂದ ಐದಾರು ವರ್ಷದ ಬಡವರ ಮಕ್ಕಳನ್ನು ಹತ್ತಿಸಿದರು. ಮೊಣಕಾಲು, ಮೊಣಕೈ ಒತ್ತಿ ಹತ್ತಬೇಕು. ಸಿಕ್ಕಿಹಾಕಿಕೊಂಡರೆ ಉಸಿರುಗಟ್ಟಿ ಸಾವು. 1775ರಲ್ಲಿ ಪರ್ಸಿವಲ್ ಪಾಟ್ ಎಂಬ ಸರ್ಜನ್ ಈ ಕೆಲಸ ಮಾಡಿದವರಿಗೆ ಬರುವ ವೃಷಣಚೀಲದ ಕ್ಯಾನ್ಸರಿಗೆ ಮಸಿಯೇ ಕಾರಣ ಅಂತ ಬರೆದರು; ಒಂದು ಉದ್ಯೋಗಕ್ಕೂ ಕ್ಯಾನ್ಸರಿಗೂ ನಂಟು ತೋರಿಸಿದ ಮೊದಲ ಬರಹಗಳಲ್ಲಿ ಅದು ಒಂದು. 1788, 1834, 1840, 1864, ಕಾನೂನು ಮೇಲೆ ಕಾನೂನು ಬಂತು, ಯಾರೂ ಪಾಲಿಸಲಿಲ್ಲ. 1828ರಲ್ಲೇ ಜೋಸೆಫ್ ಗ್ಲಾಸ್ ಎಂಬಾತ ಬಾಗುವ ಕಡ್ಡಿಗಳನ್ನು ಜೋಡಿಸೋ ಬ್ರಷ್ ಕೊಟ್ಟಿದ್ದರು, ಈಗಲೂ ಸ್ವೀಪ್‌ಗಳ ಕೈಯಲ್ಲಿ ಇರೋದು ಹೆಚ್ಚುಕಡಿಮೆ ಅದೇ. ಯಂತ್ರ ಇದ್ದೂ ಮಕ್ಕಳನ್ನೇ ಹತ್ತಿಸ್ತಿದ್ದರು. 1875ರಲ್ಲಿ ಕೇಂಬ್ರಿಜ್ ಹತ್ತಿರದ ಫುಲ್‌ಬೋರ್ನ್‌ನಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಆಸ್ಪತ್ರೆಯ ಚಿಮಣಿಯಲ್ಲಿ ಸಿಕ್ಕಿಕೊಂಡು ಸತ್ತ. ಅದೇ ವರ್ಷ ಬಂದ ಕಾನೂನು ಸ್ವೀಪ್‌ಗಳಿಗೆ ಪೊಲೀಸ್ ಲೈಸೆನ್ಸ್ ಕಡ್ಡಾಯ ಮಾಡಿದ ಮೇಲೆ ಅದು ನಿಂತಿತು. ಬ್ರಷ್ ಬಂದು 47 ವರ್ಷ ಆಗಿತ್ತು. ನಮ್ಮ ಊರುಗಳ ಮ್ಯಾನ್‌ಹೋಲುಗಳು ನೆನಪಾದವು.

ಜರ್ಮನಿಗೆ ಹೋಗೋರಿಗೆ ಇನ್ನೊಂದು ಚಿತ್ರ ಸಿಗುತ್ತೆ. ಅಲ್ಲಿ ಕಪ್ಪು ಬಟ್ಟೆಯ ಸ್ವೀಪ್ ಎದುರಿಗೆ ಬಂದ್ರೆ ಶುಭಶಕುನ. ಶಕುನ ಬಿಡಿ, ಪ್ರತಿ ಏಳು ವರ್ಷದಲ್ಲಿ ಎರಡು ಸಲ ಆ ಏರಿಯಾದ ಅಧಿಕೃತ ಸ್ವೀಪ್ ಮನೆಗೆ ಬಂದು ಒಲೆ, ಚಿಮಣಿ ನೋಡೋದು ಕಾನೂನು. ಬಾಡಿಗೆದಾರರು ಬಾಗಿಲು ತೆಗೀಬೇಕು. ಯಾರೋ ಗೊತ್ತಿಲ್ಲದವರು ಅಂತ ಕಳಿಸಿಬಿಡಬೇಡಿ.

ಮೇಲೆ ಹತ್ತಿ ನೋಡಿದರೆ

ಚಿಮಣಿ ಹಾಳಾಗೋದು ಒಳಗಿನಿಂದ ಮಾತ್ರ ಅಲ್ಲ. ನೀರು ಮಂಜಾದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತೆ. ಇಟ್ಟಿಗೆಯ ರಂಧ್ರದಲ್ಲಿ ಕೂತ ಮಳೆನೀರು ಒಂದು ಚಳಿಗಾಲದಲ್ಲಿ ಎಷ್ಟೋ ಸಲ ಹೀಗೆ ಹಿಗ್ಗಿ ಕುಗ್ಗಿ ಇಟ್ಟಿಗೆಯ ಮುಖವನ್ನೇ ಸಿಪ್ಪೆ ಥರ ಎಬ್ಬಿಸಿಬಿಡುತ್ತೆ. ಅದಕ್ಕೇ ತುದಿಗೆ ಒಂದು ಜಾಲರಿಯ ಟೋಪಿ, ಅದರ ಕೆಳಗೆ ನೀರು ಆಚೆ ಇಳಿಯುವಂಥ ಇಳಿಜಾರು ಕಾಂಕ್ರೀಟಿನ ಕಿರೀಟ, ಚಿಮಣಿ ಚಾವಣಿಯನ್ನು ದಾಟುವ ಜಾಗದಲ್ಲಿ ತಗಡಿನ ಪಟ್ಟಿ. ಈ ಮೂರು ಸರಿ ಇದ್ರೆ ಮುಕ್ಕಾಲು ಪಾಲು ರಿಪೇರಿ ಬರೋದೇ ಇಲ್ಲ.

ಸಿವಿಲ್‌ನವರಿಗೆ ಒಂದು ಮಾತು. ಗಾರೆ ಉದುರಿದ ಹಳೇ ಚಿಮಣಿಗೆ ಒಳ್ಳೇ ಗಟ್ಟಿ ಸಿಮೆಂಟ್ ತುಂಬಿಬಿಡೋಣ ಅನ್ಸುತ್ತೆ. ತಪ್ಪು. ಹಳೇ ಇಟ್ಟಿಗೆ ಮೆತ್ತಗಿರುತ್ತೆ. ಸುಣ್ಣದ ಗಾರೆ ಅದಕ್ಕಿಂತ ಮೆತ್ತಗೆ, ತೇವವನ್ನು ತಾನು ಆಚೆ ಬಿಟ್ಟು, ಬಿರುಕನ್ನೂ ತಾನೇ ತಗೊಳ್ಳುತ್ತೆ. ಮಧ್ಯೆ ಗಟ್ಟಿ ಸಿಮೆಂಟ್ ಬಂದ್ರೆ ತೇವ, ಒತ್ತಡ ಎರಡೂ ಇಟ್ಟಿಗೆ ಮೇಲೆ ಬೀಳುತ್ತೆ, ಉಳಿಯಬೇಕಾದ ಇಟ್ಟಿಗೆಯೇ ಒಡೆಯುತ್ತೆ.

ಟೋಪಿ ಇಲ್ಲದ ಚಿಮಣಿಗೆ ಬಾಡಿಗೆದಾರರೂ ಬರ್ತಾರೆ. ಚಿಮಣಿ ಸ್ವಿಫ್ಟ್ ಅಂತ ಒಂದು ಹಕ್ಕಿ, ದಕ್ಷಿಣ ಅಮೆರಿಕದಿಂದ ಬೇಸಿಗೆಗೆ ಬಂದು ಚಿಮಣಿಯ ಒಳಗೋಡೆಗೆ ಕಡ್ಡಿಯ ಗೂಡು ಅಂಟಿಸುತ್ತೆ. ಅದಕ್ಕೆ ಬೇರೆ ಹಕ್ಕಿಗಳ ಹಾಗೆ ಕೊಂಬೆ ಮೇಲೆ ಕೂರೋಕೇ ಬರಲ್ಲ, ಗೋಡೆಗೆ ಉಗುರು ಸಿಕ್ಕಿಸಿ ನೇತಾಡಬೇಕು. 1918ರ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆ ಇದೆ, ಮೊಟ್ಟೆ ಮರಿ ಇರುವಾಗ ಗೂಡು ಮುಟ್ಟುವ ಹಾಗಿಲ್ಲ. ಹಾಗಾಗಿ ಚಿಮಣಿ ಗುಡಿಸೋದು ಅವು ಬರೋ ಮುಂಚೆ, ಇಲ್ಲವೇ ಹೋದ ಮೇಲೆ. ಎಷ್ಟೋ ಮನೆಯವರು ಬೇಕಂತಲೇ ಟೋಪಿ ತೆಗೆದಿಡ್ತಾರಂತೆ. ನಮಗೆ ಈ ಹಕ್ಕಿ ಬಹಳ ಇಷ್ಟ ಆಯ್ತು.

ಇನ್ನು ತಪಾಸಣೆ. ಅಮೆರಿಕದ ಎನ್‌ಎಫ್‌ಪಿಎ 211 ಎಂಬ ಮಾನದಂಡ ಚಿಮಣಿಗಳನ್ನು ವರ್ಷಕ್ಕೊಮ್ಮೆ ನೋಡಿಸಿ ಅನ್ನುತ್ತೆ. ಅದರಲ್ಲಿ ಮೂರು ಹಂತ. ಕಣ್ಣಿಗೆ ಕಾಣುವಷ್ಟು ನೋಡೋದು ಮೊದಲನೆಯದು. ಕ್ಯಾಮೆರಾ ಇಳಿಸೋದು ಎರಡನೆಯದು. ಮನೆ ಮಾರುವಾಗ, ಚಿಮಣಿ ಬೆಂಕಿ ಆದಮೇಲೆ, ಮತ್ತು ಮುಖ್ಯವಾಗಿ ಅದಕ್ಕೆ ಜೋಡಿಸಿದ ಯಂತ್ರಗಳನ್ನು ಬದಲಿಸಿದಾಗ ಇದು ಆಗಬೇಕು. ಗೋಡೆ ಒಡೆದು ನೋಡೋದು ಮೂರನೆಯದು. ಅಕ್ಕನ ಮನೆಯಲ್ಲಿ ಬಾಯ್ಲರ್ ಬದಲಿಸಿದ ದಿನವೇ ಕ್ಯಾಮೆರಾ ಇಳಿಯಬೇಕಿತ್ತು. ಹೊಸ ಬಾಯ್ಲರಿಗೆ ಸಾವಿರಾರು ಡಾಲರ್ ಸುರಿದವರು ಇಲ್ಲಿ ಕೈ ಬಿಗಿ ಹಿಡಿದರು. ನಮ್ಮ ಪ್ರಕಾರ ಇದು ಓನರ್ ಒಬ್ಬರ ದುರಾಸೆ ಮಾತ್ರ ಅಲ್ಲ. ಒಂದು ಭಾಗ ಕಿತ್ತರೆ ಉಳಿದ ಭಾಗಕ್ಕೆ ಏನಾಗುತ್ತೆ ಅಂತ ಕೇಳುವ ಅಭ್ಯಾಸ ಬಾಯ್ಲರ್ ಹಾಕಿದವರಿಗೂ ಇರಲಿಲ್ಲ.

ನಮ್ಮಲ್ಲೂ ಇದಕ್ಕೆ ಒಂದು ಉದಾಹರಣೆ ಇದೆ. ಬೆಂಗಳೂರಿನ ಐಐಎಸ್ಸಿಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ಶುರು ಮಾಡಿದ 'ಅಸ್ತ್ರ' ಕೇಂದ್ರದಿಂದ ಬಂದಿದ್ದು ಅಸ್ತ್ರ ಒಲೆ: ಮೂರು ಪಾತ್ರೆ, ಒಂದು ಹೊಗೆ ಕೊಳವೆ. ಸಾಗರದ ಗೆಳೆಯನ ಅಜ್ಜಿಮನೆಯಲ್ಲೂ ಒಂದಿತ್ತು. ಹೊಗೆ ಇಲ್ಲದ ಅಡುಗೆಮನೆ ಅಂತ ಅಜ್ಜಿ ಖುಷಿಯಾಗಿದ್ದರಂತೆ. ಕೊಳವೆಯನ್ನು ಆಗಾಗ ಬಡಿದು ಮಸಿ ಉದುರಿಸಬೇಕು ಅಂತ ಒಲೆ ಕಟ್ಟಿದವರು ಹೇಳಿದ್ದರೋ ಇಲ್ಲವೋ, ಮನೆಯಲ್ಲಿ ಯಾರಿಗೂ ನೆನಪಿಲ್ಲ. ಮೂರ್ನಾಲ್ಕು ವರ್ಷಕ್ಕೆ ಕಟ್ಟಿಕೊಂಡು, ಹೊಗೆ ತಿರುಗಿ ಅಡುಗೆಮನೆಗೇ ಬಂದು, ಅಜ್ಜ ಅದನ್ನು ಒಡೆಸಿ ಹಳೇ ಒಲೆಯನ್ನೇ ಹಾಕಿಸಿದರು.

ವುಸ್ಟರಿನ ಚಿಮಣಿಗೆ ಈಗ ಒಳಗೆ 4 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಲೈನರ್ ಇಳಿಸಿದ್ದಾರೆ. ಕೋಟನ್ನು ಕೊನೆಗೂ ಮೊಮ್ಮಗನ ಅಳತೆಗೆ ಹೊಲಿಸಿದ ಹಾಗೆ. ಬುಡದಿಂದ ನಾಲ್ಕು ಬಕೆಟ್ ಚೂರು ತೆಗೆದರಂತೆ. ಸೋಫಾ ಜಾಗ ಬದಲಾಗಿದೆ. ಅಲಾರಂ ಬೇಸ್‌ಮೆಂಟಿಗೊಂದು, ಮಲಗೋ ಕೋಣೆಗಳ ಹತ್ತಿರ ಒಂದು. ಡ್ರೈಯರ್ ಓಡುವಾಗ ಅಕ್ಕ ಹೀಟರಿನ ಹತ್ತಿರ ಒಂದು ಊದುಬತ್ತಿ ಹಿಡಿದು ಹೊಗೆ ಯಾವ ಕಡೆ ಬಾಗುತ್ತೆ ಅಂತ ನೋಡ್ತಾರಂತೆ. ಕೊಳವೆಯ ಒಳಕ್ಕೆ ಎಳೆದುಕೊಂಡ್ರೆ ಸರಿ, ಮುಖದ ಕಡೆ ಬಂದ್ರೆ ಹೀಟರ್ ಆಫ್ ಮಾಡಿ ಫೋನ್ ಎತ್ತಬೇಕು. ರೂಮ್‌ಮೇಟ್‌ಗಳು ಅದನ್ನು ಪೂಜೆ ಅಂದ್ಕೊಂಡಿದ್ದಾರೆ.

ಈ ಲೇಖನ ಹಾಕ್ತೀವಿ ಅಂದಾಗ ಅಕ್ಕ ಒಂದು ವಾರ ಟೈಮ್ ಕೇಳಿದರು, ಅವರ ಅಮ್ಮ ಈ ಪತ್ರಿಕೆಯನ್ನು ತಪ್ಪದೆ ಓದ್ತಾರಂತೆ. ಹೋದ ಭಾನುವಾರ ಫೋನಿನಲ್ಲಿ ಎಲ್ಲ ಹೇಳಿದ್ದಾರೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಟರಿ ಕಿತ್ತವಳು ಯಾರು?" ಅಂತ ಕೇಳಿದರಂತೆ. ಅಕ್ಕ ಹೆಸರು ಹೇಳಿಲ್ಲ. ನಾವೂ ಹೇಳಲ್ಲ.